ಹನ್ನೊಂದನೆಯ ಪ್ಯಾರಾ

ಗುರುವಾರ ಬಂದಿದ್ದಳು ವಕೀಲೆ, ಸೇಂಟ್ ಜಾನ್ಸ್‌ನಿಂದ
ಮಂಜಿನಲ್ಲಿ ಮೂರು ತಾಸು ಕಾರು ಓಡಿಸಿಕೊಂಡು.
ಒದ್ದೆ ಬೂಟು ಬಿಚ್ಚಿ ನನ್ನ ಒಲೆಯ ಮುಂದೆ
ಕಾಲ್ಚೀಲದಲ್ಲೇ ಕೂತಳು, ತೊಡೆಯ ಮೇಲೆ ಕಂಪ್ಯೂಟರು.
ಒಳ್ಳೆಯ ಹುಡುಗಿ. ಚಹಾಕ್ಕೆ ಡಬ್ಬಿಹಾಲು ಬೇಡವೆಂದಳು.

"ವಿಚಾರಣೆ ಇರುವುದಿಲ್ಲ, ಮಿಸೆಸ್ ಡ್ರಾಜ್,
ಕಟಕಟೆ ಹತ್ತುವುದಿಲ್ಲ, ಯಾರೂ ಪಾಟೀಸವಾಲು ಹಾಕುವುದಿಲ್ಲ.
ಕಾಗದ ನೋಡಿಯೇ ತೀರ್ಪು ಕೊಡಿ ಎಂದು ಕೇಳುತ್ತೇವೆ.
ತಕರಾರೇ ಇಲ್ಲದ ಕಡೆ ವಿಚಾರಣೆ ಯಾತಕ್ಕೆ?"
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದ ಹಾಗೆ.
ಈ ವಯಸ್ಸಿಗೆ ನನ್ನ ಅಂಗೈ ನನಗೆ ಕಾಣಬೇಕಾದರೆ
ಕನ್ನಡಕ ಬೇಕು, ಕಿಟಕಿಯ ಬೆಳಕು ಬೇಕು.
ಬೆಳಕು ಇಲ್ಲಿ ಯಾವಾಗಲೂ ಇರುವುದಿಲ್ಲ.

ಜಗಳ ಹನ್ನೊಂದು ಅಡಿ ಅಗಲದ ಪಟ್ಟೆಗೆ:
ತಮ್ಮ ಅಜರಾಯನ ಮನೆಗೂ ರೋಸಿಲ್ಡಾಳ ಮನೆಗೂ ನಡುವೆ
ರಸ್ತೆಯಿಂದ ಇಳಿದು ಸೀದಾ ಕಡಲಿಗೆ.
ನಮ್ಮ ಹಳಬರ್ಯಾರೂ ಪತ್ರ ಬರೆಸಿದವರಲ್ಲ;
ಬೇಲಿ ಹಾಕಿದವನದು ಹಿತ್ತಿಲು,
ಅಟ್ಟ ಕಟ್ಟಿ ಮೀನು ಒಣಗಿಸಿದವನದು ದಡ.
ಈಗ ತೇಲುವ ಹಿಮಗಡ್ಡೆ ನೋಡಲು ಬರುವ ಜನಕ್ಕೆ
ಅಲ್ಲೊಂದು ವಸತಿಗೃಹವಂತೆ.
ಹನ್ನೊಂದು ಅಡಿಗೆ ಬೆಲೆ ಬಂದಿದೆ.

ನಾನು ಹೇಳಿದೆ, ಅವಳು ಬೆರಳಾಡಿಸಿದಳು,
ನನ್ನ ಮಾತಿಗೆಲ್ಲ ನಂಬರು ಬಿತ್ತು.
ಒಂದು: ನಾನು ವಾದಿಯ ಅಕ್ಕ.
ನಾಲ್ಕು: ನಮ್ಮ ತಂದೆ ಒಬದಾಯ ಸದರಿ ಪಟ್ಟೆಯನ್ನು
ಐವತ್ತಾರನೆಯ ಇಸವಿಯಿಂದ ಎಪ್ಪತ್ತೊಂಬತ್ತರವರೆಗೆ
ಎಡೆಬಿಡದೆ, ಎಲ್ಲರಿಗೂ ಕಾಣುವಂತೆ, ಯಾರ ಅಡ್ಡಿಯೂ ಇಲ್ಲದೆ
ಅಗೆದು ಆಲೂಗಡ್ಡೆ ಬೆಳೆದರು.
ಸತ್ಯ. ದೇವರಾಣೆ ಸತ್ಯ.
ಕೇಪ್ಲಿನ್ ಮೀನು ದಡಕ್ಕೆ ಉರುಳುವ ಜೂನಿನಲ್ಲಿ
ಬುಟ್ಟಿಗಟ್ಟಲೆ ತಂದು ಪಾತಿಗೆ ಸುರಿಯುತ್ತಿದ್ದರು ಅಪ್ಪ,
ಊರಿಗೆ ಊರೇ ವಾಸನೆ.
"ವಾಸನೆ ಬೇಡ" ಅಂದಳು ಹುಡುಗಿ, ನಗುತ್ತಾ.

ಹತ್ತಕ್ಕೆ ನಿಲ್ಲಿಸಿದಳು. ಬೈಬಲ್ ಮುಟ್ಟಿ ಸಹಿ ಹಾಕಿದೆ.

ಐವತ್ತಾರರಿಂದಲೇ ಯಾಕೆ ಎಂದು ಅವಳು ಕೇಳಲಿಲ್ಲ.
ಆ ಮಾರ್ಚಿನಲ್ಲಿ ರೋಸಿಲ್ಡಾಳ ಅಪ್ಪ ಸೈಲಸ್
ಸೀಲ್ ಬೇಟೆಗೆಂದು ಹಿಮದ ಮೇಲೆ ನಡೆದು ಹೋದವನು ಬರಲಿಲ್ಲ.
ಮೇ ತಿಂಗಳಲ್ಲಿ ಅಪ್ಪ ಗುದ್ದಲಿ ಹಿಡಿದು
ಕೆಝಾಯಳ ಹಿತ್ತಿಲಿಗೆ (ಹಿತ್ತಿಲಿಗೆ ಅಂದೆನೆ?
ನೋಡಿ, ನಾಲಗೆ ಎಲ್ಲಿಗೆ ಹೋಗುತ್ತದೆ)
ಆ ಪಟ್ಟೆಗೆ ಇಳಿದರು. ಯಾರನ್ನೂ ಕೇಳಲಿಲ್ಲ.
ಅಕ್ಟೋಬರಿನಲ್ಲಿ ಹದಿನಾರು ಮೂಟೆ ಆಗುತ್ತಿತ್ತು.
ಎಂಟು ನಮ್ಮ ನೆಲಮಾಳಿಗೆಗೆ.
ಎಂಟನ್ನು ಕತ್ತಲಾದ ಮೇಲೆ ನಾನೂ ಅಪ್ಪನೂ
ಅವಳ ಬಾಗಿಲ ಹೊರಗಿಟ್ಟು ಬರುತ್ತಿದ್ದೆವು.
"ತಟ್ಟಬೇಡ" ಅನ್ನುತ್ತಿದ್ದರು ಅಪ್ಪ.
"ಕೊಟ್ಟದ್ದು ಅಂತ ಆದರೆ ಅವಳು ಮುಟ್ಟುವುದಿಲ್ಲ."

ಅಜರಾಯ ಆಗ ತೊಟ್ಟಿಲಲ್ಲಿದ್ದ.
ಅವನಿಗೆ ನೆನಪು ಕೂಡುವ ಹೊತ್ತಿಗೆ ಕೆಝಾಯ
ಮೀನಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದಳು, ಅಂಗಡಿಯಿಂದ ತರುತ್ತಿದ್ದಳು.
ಮೂಟೆ ನಿಂತಿತು.
ಗುದ್ದಲಿ ನಿಲ್ಲಲಿಲ್ಲ.
ರೋಸಿಲ್ಡಾಗೆ ಗೊತ್ತಿರುವುದು ಇಷ್ಟೇ: ಚಿಕ್ಕಂದಿನಲ್ಲಿ
ಬಾಗಿಲಿಗೆ ಆಲೂಗಡ್ಡೆ ಬರುತ್ತಿತ್ತು, ಹಿಮ ಬಂದ ಹಾಗೆ.

ಕ್ಲಾರೆನ್‌ವಿಲ್ ಕೋರ್ಟಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದೆ.
ನಲವತ್ತು ನಿಮಿಷ. ನ್ಯಾಯಾಧೀಶರಿಗೆ ಶೀತವಾಗಿತ್ತು.
"ಸಂಗತಿಗಳನ್ನು ಅಲ್ಲಗಳೆಯುತ್ತೀರಾ?" ಅಂದರು.
ರೋಸಿಲ್ಡಾಳ ಕಡೆಯವನು ಹಾಳೆ ಮಗುಚಿದ, ಮತ್ತೆ ಮಗುಚಿದ,
"ಅದಕ್ಕೆ ಬೇಕಾದ ಸಾಕ್ಷಿ ನಮ್ಮಲ್ಲಿಲ್ಲ, ಸ್ವಾಮಿ."
ಸಾಕ್ಷಿ ಮೂರನೆಯ ಬೆಂಚಿನಲ್ಲಿ ಕೈಚೀಲ ಹಿಡಿದು ಕೂತಿತ್ತು.
ಕೆಮ್ಮಿದೆ.
ಕೆಮ್ಮಿಗೆ ಯಾವ ನಂಬರೂ ಇಲ್ಲ.

ಮೆಟ್ಟಿಲಿಳಿಯುವಾಗ ಅಜರಾಯ ತೋಳು ಹಿಡಿದುಕೊಂಡ.
ಅವನ ಮಂಡಿ ಎರಡೂ ಹೋಗಿವೆ, ದೋಣಿ ಮಾರಿ ಮೂರು ವರ್ಷ;
ಯಾರು ಯಾರನ್ನು ಇಳಿಸಿದೆವೋ.

ನನ್ನ ಪ್ರತಿ ಅಡುಗೆಮನೆ ಮೇಜಿನ ಮೇಲಿದೆ.
ಹತ್ತರ ಕೆಳಗೆ ನಾಲ್ಕು ಬೆರಳು ಖಾಲಿ ಜಾಗ.
ಪೆನ್ಸಿಲಿನಲ್ಲಿ ಬರೆದೆ: ಹನ್ನೊಂದು.
ಮೂಟೆ ಭಾರವಿತ್ತು. ನನಗೆ ಒಂಬತ್ತು ವರ್ಷ.

ಪೆನ್ಸಿಲಿನದು ನಡೆಯುವುದಿಲ್ಲ, ಗೊತ್ತು.
ಇನ್ನೊಮ್ಮೆ ಆಣೆ ಇಡಬೇಕು, ಆ ಹುಡುಗಿ
ಇನ್ನೊಮ್ಮೆ ಮಂಜಿನಲ್ಲಿ ಬರಬೇಕು.
ಫೋನು ಗೋಡೆಯ ಮೇಲಿದೆ. ತೀರ್ಪು ಹದಿನೈದಕ್ಕಂತೆ.
ತಟ್ಟಬೇಡ ಎಂದದ್ದು ಯಾವ ಬಾಗಿಲಿಗೆ, ಎಷ್ಟು ಕಾಲಕ್ಕೆ,
ಅಪ್ಪನನ್ನು ನಾನು ಕೇಳಿಕೊಂಡಿರಲಿಲ್ಲ.